ಬ್ಯಾಡ್ರಿ ಅಂದವರ ಪಡಸಾಲಿ

ಇಂದೂ ಹಂಚಿನಮನಿ ಏನು ಕೆಲಸ ಮಾಡುತ್ತಾಳೆ ಎಂದು ಪುಣೆಯ ಹಡಪಸರದ ಸಸಾಣೆ ನಗರದಲ್ಲಿ ಯಾರಾದರೂ ಕೇಳಿದರೆ ಅವಳ ಅವ್ವ ಯಮನವ್ವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. "ಮೊಬೈಲಿನಾಗ ಗುಂಡಿ ಇರ್ತಾವಲ್ರಿ, ಒತ್ತೂವು? ಅದರ ಮ್ಯಾಲ ಏನ್ ಬರೀಬೇಕು ಅಂತ ಬರೀತಾಳ್ರಿ." ಕೇಳಿದವರು ನಗುತ್ತಾರೆ. ಅಷ್ಟಕ್ಕೂ ಒಂದು ನೌಕರಿ ಇರತದೇನು ಅನ್ನುತ್ತಾರೆ.

ಇರುತ್ತದೆ. ನಗುವವರು ದಿನಕ್ಕೆ ನೂರು ಸಲ ಒತ್ತುವ ಒಂದೊಂದು ಗುಂಡಿಯ ಹಿಂದೆಯೂ ಯಾರೋ ಒಬ್ಬರು ಕೂತು ತಲೆ ಕೆಡಿಸಿಕೊಂಡಿರುತ್ತಾರೆ. 'ಹೌದು' ಎಂಬುದನ್ನು ಎಷ್ಟು ದಪ್ಪ ಮಾಡಿದರೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ, 'ಬೇಡ' ಎಂಬುದನ್ನು ಎಷ್ಟು ಮಸುಕು ಮಾಡಿದರೆ ಕಣ್ಣಿಗೆ ಬೀಳುವುದಿಲ್ಲ ಎಂದು ಅಳತೆ ಮಾಡಿಯೇ ಇಟ್ಟಿರುತ್ತಾರೆ. ಸಂತೆಯಲ್ಲಿ ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದವನನ್ನು ನಾಲ್ಕು ಜನ ಹಿಡಿದು ಬಯ್ಯುತ್ತಾರೆ. ಇದನ್ನು ಮಾಡಿದವನಿಗೆ ವರ್ಷದ ಕೊನೆಗೆ ಬಡ್ತಿ ಕೊಡುತ್ತಾರೆ.

ಇಂದೂ ಕೂಡ ಎರಡು ವರ್ಷ ಆ ಪಾಪ ಮಾಡಿದವಳೇ. ಮೊದಲ ನೌಕರಿಯಲ್ಲಿ, ಇನ್ನು ನಿಮ್ಮ ಸಹವಾಸ ಸಾಕು ಎಂದು ಖಾತೆ ಮುಚ್ಚಲು ಬಂದವರಿಗೆ ತೋರಿಸಲಿಕ್ಕೆ "ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ?" ಎಂದು ಬರೆದು, ಕೆಳಗೆ ಅಳುವ ನಾಯಿಮರಿಯ ಚಿತ್ರ ಇಡಿಸಿದ್ದು ಅವಳೇ. ಆ ನಾಯಿಮರಿ ಸಾವಿರಾರು ಮಂದಿಯನ್ನು ಕಾಲು ಹಿಡಿದು ತಡೆಯಿತು. ಮೇಲಿನವರು ಕೇಕ್ ತರಿಸಿ ಚಪ್ಪಾಳೆ ತಟ್ಟಿದರು. ಇಂದೂ ಆ ಕೇಕನ್ನು ಮುಟ್ಟಲಿಲ್ಲ. ಮರುತಿಂಗಳು ನೌಕರಿ ಬಿಟ್ಟಳು.

ಮೂವತ್ತೊಂದರ ಈಕೆ ಹುಟ್ಟಿದ್ದು ಪುಣೆಯಲ್ಲೇ. ಅಪ್ಪ ಸಿದ್ರಾಮಪ್ಪ ಬೈಲಹೊಂಗಲದ ಕಡೆಯಿಂದ ಬಂದು ರಾಂಜಣಗಾಂವದ ಕಾರ್ಖಾನೆಯೊಂದನ್ನು ಸೇರಿದವರು, ತೀರಿಕೊಂಡು ಆರು ವರ್ಷವಾಯಿತು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇಂದೂ ಎರಡರಲ್ಲೂ ಮಾತಾಡುತ್ತಿರಲಿಲ್ಲ. ಶಾಲೆಯಲ್ಲಿ ಅವಳಿಗೆ 'ಘುಮೀ' ಎಂದು ಹೆಸರಿಟ್ಟಿದ್ದರು, ನಾವು ಗುಮ್ಮನಗುಸುಕಿ ಅನ್ನುವ ಹಾಗೆ. ಮನೆಗೆ ನೆಂಟರು ಬಂದರೆ ಅವಳ ಪಾಲಿಗೆ ಪೊಲೀಸರು ಬಂದಂತೆ. "ಒಂದ್ ಹಾಡ ಹೇಳವಾ. ಏ, ಹೇಳಬೇ, ನಾಚಿಕಿ ಎಂಥಾದ್ದು? ಬಾಯಾಗ ಕಡಬ ಇಟ್ಕೊಂಡೀಯೇನು?" ಎಂದು ಸುತ್ತುಗಟ್ಟಿ ಕೂತರೆ ಹುಡುಗಿ ಬಚ್ಚಲಕ್ಕೆ ಹೋಗಿ ಚಿಲಕ ಹಾಕಿ ನಲ್ಲಿ ಬಿಡುತ್ತಿದ್ದಳು. ಒಮ್ಮೆ ಬಕೆಟ್ಟು ತುಂಬಿ, ನೀರು ಪಡಸಾಲೆಗೆ ಹರಿದು, ಬಂದವರ ಚಪ್ಪಲಿಯೆಲ್ಲ ತೋಯ್ದವು. ಬಯ್ಗುಳ ತಿಂದಳೇ ಹೊರತು ಹಾಡಲಿಲ್ಲ. ಬೇಡ ಎಂದವರನ್ನು ಮತ್ತೆ ಕೇಳುವುದಕ್ಕಿಂತ ದೊಡ್ಡ ಅನ್ಯಾಯ ಜಗತ್ತಿನಲ್ಲಿಲ್ಲ ಎಂಬುದು ಎಂಟನೇ ವಯಸ್ಸಿಗೇ ಅವಳಲ್ಲಿ ಗಟ್ಟಿಯಾಗಿ ಕೂತಿತು.

ಹಾಗಾಗಿಯೇ ಮಗರಪಟ್ಟಾದ ಹನ್ನೊಂದು ಜನರ ಸಣ್ಣ ಕಂಪನಿಯೊಂದರಲ್ಲಿ, ಮಾತಾಡಲು ನಾಚುವವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದಾರೆ ಎಂದು ಕೇಳಿದಾಗ, ಮೊದಲಿದ್ದುದಕ್ಕಿಂತ ಕಡಿಮೆ ಪಗಾರಕ್ಕೂ ಒಪ್ಪಿ ಸೇರಿದಳು. ಮಾಲಕ ಅವಧೂತ ಪುಣೆಯವನೇ, ಮೂವತ್ತೆಂಟರ ಹುರುಪಿನ ಮನುಷ್ಯ. ಲೆಕ್ಕ, ಆ್ಯಪಿನ ಕೋಡ್ ನೋಡಿಕೊಳ್ಳುವವನು ಮೈಸೂರಿನ ಶಮಂತ್. ಆ್ಯಪಿಗೆ ಮರಾಠಿಯಲ್ಲಿ 'ಓಸರಿ' ಎಂದು ಹೆಸರು, ಕನ್ನಡದಲ್ಲಿ ಇಂದೂ ಇಟ್ಟದ್ದು 'ಪಡಸಾಲಿ'.

ಅದು ದಿನಕ್ಕೊಂದು ಸಣ್ಣ ಪ್ರಶ್ನೆ ಕೇಳುತ್ತದೆ. ಉತ್ತರವನ್ನು ಬರೆಯಬಹುದು, ಬಾಯಲ್ಲೂ ಹೇಳಬಹುದು. ಹೇಳಿದ್ದು ಅವರ ಮೊಬೈಲಿನಲ್ಲೇ ಉಳಿಯುತ್ತದೆ, ಕಂಪನಿಯ ಕಿವಿಗೆ ಬೀಳುವುದಿಲ್ಲ; ಎಷ್ಟು ಸಲ ತೆರೆದರು, ಯಾವ ಗುಂಡಿ ಒತ್ತಿದರು, ಮಾತಾಡಿದರೋ ಇಲ್ಲವೋ ಎಂಬ ಲೆಕ್ಕವಷ್ಟೇ ಕಂಪನಿಗೆ. ಮನಸ್ಸಾದರೆ ತಮಗೆ ಬೇಕಾದ ಒಬ್ಬರಿಗೆ ಮಾತ್ರ ಕಳಿಸಬಹುದು. ಮೆಚ್ಚಿದರೆಂಬ ಹೆಬ್ಬೆರಳಿಲ್ಲ, ನೋಡಿದರೆಂಬ ನೀಲಿ ಗೆರೆಯಿಲ್ಲ, ನಿನ್ನೆ ಯಾಕೆ ಬರಲಿಲ್ಲ ಎಂದು ಗದರುವ ಗಂಟೆಯಿಲ್ಲ. ಸುಣ್ಣಕ್ಕೆ ಒಂದು ಹನಿ ನೀಲಿ ಬೆರೆಸಿ ಬಳಿದ ಗೋಡೆಯಂಥ ಬಣ್ಣವನ್ನು ಪರದೆಗೆ ಆರಿಸಲಿಕ್ಕೇ ಇಂದೂ ನಾಲ್ಕು ದಿನ ತಗೊಂಡಿದ್ದಳು. ಮೊದಲ ಸಲ ತೆರೆದಾಗ ಕಾಣುವ ಸಾಲು "ಮಾತನಾಡೋಣವೇ?" ಎಂದು ಇಡೋಣ ಎಂದ ಶಮಂತ್. ಅದು ವಾರ್ತೆ ಓದಿದ ಹಾಗಾಗುತ್ತದೆ ಎಂದು ಇಂದೂ ಅದನ್ನು ಹೊಡೆದುಹಾಕಿ ಬರೆದಳು: "ಒಂಚೂರು ಮಾತಾಡೂಣೇನ್ರಿ?" ಕೆಳಗೆ ಎರಡು ಗುಂಡಿ. ಒಂದು 'ಹೂಂ ರಿ', ಒಂದು 'ಬ್ಯಾಡ್ರಿ'. ಎರಡೂ ಒಂದೇ ಅಳತೆ, ಒಂದೇ ಬಣ್ಣ.

ಬ್ಯಾಡ್ರಿ ಒತ್ತಿದರೆ "ಆಯ್ತ್ರಿ. ನಿಮ್ಮ ಮಾತಿಗೆ ನಮ್ಮ ಮರ್ಯಾದಿ" ಎಂದು ಬರುತ್ತದೆ. ಆಮೇಲೆ ಆ್ಯಪು ಜನ್ಮದಲ್ಲಿ ಮತ್ತೆ ಕೇಳುವುದಿಲ್ಲ. ಬೇಕೆನಿಸಿದರೆ ಒತ್ತಲಿ ಎಂದು ಮೂಲೆಯಲ್ಲಿ 'ಕೇಳ್ರಿ' ಎಂಬ ಪುಟ್ಟ ಗುಂಡಿ, ಅಷ್ಟೇ. ಈ ನಿಯಮ ಪೂರ್ತಿ ಇಂದೂನದು. ಬಚ್ಚಲದ ಚಿಲಕ ಹಾಕಿಕೊಂಡ ಆ ಎಂಟು ವರ್ಷದ ಹುಡುಗಿಗೆ ಅವಳು ಕಟ್ಟಿಕೊಟ್ಟ ಮನೆ ಅದು.

ಮುನ್ನೂರು ಮರಾಠಿಯವರಿಗೆ, ಮುನ್ನೂರು ಕನ್ನಡದವರಿಗೆ ಹದಿನೈದು ದಿನ ಬಳಸಲು ಕೊಟ್ಟರು. ಕನ್ನಡದವರನ್ನು ಹುಡುಕಲಿಕ್ಕೆ ಇಂದೂ ಪುಣೆಯ ಓಣಿ ಓಣಿ ತಿರುಗಿದಳು. ಮಾತಾಡುವ ಕೆಲಸ ಯಮನವ್ವನದು, ಮೊಬೈಲಿಗೆ ಹಾಕಿಕೊಡುವ ಕೆಲಸ ಇಂದೂನದು. ಒಂದು ಶುಕ್ರವಾರ ಶಮಂತ್ ಲೆಕ್ಕ ತಂದಿಟ್ಟ. ಮರಾಠಿಯಲ್ಲಿ ಬೇಡವೆಂದವರು ಎಂಬತ್ಮೂರು. ಕನ್ನಡದಲ್ಲಿ ಇನ್ನೂರ ಹದಿನಾಲ್ಕು.

"ಬೇಜಾರ್ ಮಾಡ್ಕೋಬೇಡಿ ಇಂದೂ," ಅಂದ ಶಮಂತ್, "ನಂಬರ್ಸ್ ಕ್ಲಿಯರಾಗಿ ಹೇಳ್ತಿವೆ. ನಮ್ಮೋರಿಗೆ ಇದು ಬೇಕಾಗಿಲ್ಲ."

"ಮಂಗಳವಾರ ತೀರ್ಮಾನ ಮಾಡೋಣ," ಅಂದ ಅವಧೂತ, ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ. "ಕನ್ನಡ ನಿಲ್ಲಿಸಿ ಗುಜರಾತಿ ಹಿಡಿಯೋಣ. ಯಾರಿಗಾದರೂ ಏನಾದರೂ ಹೇಳುವುದಿದೆಯಾ?"

ಇಂದೂಗೆ ಹೇಳುವುದಿತ್ತು. ಮೇಜಿನ ಸುತ್ತ ಎಂಟು ಮುಖಗಳಿದ್ದವು, ಎಲ್ಲವೂ ಒಳ್ಳೆಯ ಮುಖಗಳೇ. ಆದರೂ ಅವಳು ಮತ್ತೆ ಶಾಲೆಯ ಘುಮೀ ಆದಳು. ತಲೆಯಾಡಿಸಿ ಇಲ್ಲ ಅಂದಳು. ನಾಚುವವರ ಬಾಯಿ ಬಿಡಿಸಲು ಆ್ಯಪು ಮಾಡಿದವಳು ಅದೇ ಆ್ಯಪನ್ನು ಉಳಿಸಲು ಬಾಯಿ ಬಿಡದೆ ಎದ್ದುಬಂದಳು.

ರವಿವಾರ ಮಧ್ಯಾಹ್ನ ಊಟಕ್ಕೆ ಚಂದ್ರಪ್ಪ ಕಾಕಾ ಬಂದರು. ಸಿದ್ರಾಮಪ್ಪನ ಜೊತೆ ಒಂದೇ ಕಾರ್ಖಾನೆಯಲ್ಲಿ ದುಡಿದವರು, ಈಗಲೂ ಅಲ್ಲೇ ಇದ್ದಾರೆ, ಮುಂದಿನ ವರ್ಷ ನಿವೃತ್ತಿ. ಹೆಂಡತಿ ರಂಗೂಬಾಯಿ ಮಗಳ ಬಾಣಂತನಕ್ಕೆಂದು ಬೆಳಗಾವಿಗೆ ಹೋಗಿ ತಿಂಗಳಾಗಿತ್ತು, ಬರುವುದು ಇನ್ನೂ ಎರಡು ತಿಂಗಳು. ಅಲ್ಲಿಯವರೆಗೆ ರವಿವಾರದ ಊಟ ಇಲ್ಲೇ ಎಂದು ಯಮನವ್ವ ಫರ್ಮಾನು ಹೊರಡಿಸಿದ್ದಳು. ಕಾಕಾ ಮಾತಿನ ಮನುಷ್ಯರಲ್ಲ. ಬರುತ್ತಾರೆ, ಚಪ್ಪಲಿ ಸಾಲಾಗಿ ಬಿಡುತ್ತಾರೆ, "ಆರಾಮೇನ್ರಿ ವೈನಿ" ಅನ್ನುತ್ತಾರೆ, ಉಣ್ಣುತ್ತಾರೆ, "ಬರ್ತೀನ್ರಿ" ಅನ್ನುತ್ತಾರೆ. ಅವರ ಮೊಬೈಲಿಗೂ ಇಂದೂ ಪಡಸಾಲಿ ಹಾಕಿಕೊಟ್ಟಿದ್ದಳು.

ಆ ದಿನ ರೊಟ್ಟಿ, ಬದನಿಕಾಯಿ ಎಣ್ಣಗಾಯಿ, ಮ್ಯಾಲೆ ಶೇಂಗಾ ಹೋಳಗಿ. ಮಗಳು ತಾಟಿನಲ್ಲಿ ಬೆರಳಾಡಿಸುತ್ತ ಕೂತದ್ದನ್ನು ನೋಡಿ ಯಮನವ್ವನೇ ಬಾಯಿ ತೆಗೆದಳು.

"ಇಕೀ ಪಡಸಾಲಿದು ಕನ್ನಡ ಬಂದ್ ಮಾಡ್ತಾರಂತ್ರಿ ಅಣ್ಣಾರ. ಅದಕ್ಕ ಮಾರಿ ಸಣ್ಣ ಮಾಡ್ಕೊಂಡ ಕೂತಾಳ."

"ಬಂದ್ ಆಗೇದಲ್ಲವಾ ಅದು?" ಅಂದರು ಚಂದ್ರಪ್ಪ.

"ಇಲ್ಲ ಕಾಕಾ, ಇನ್ನೂ ನಡದದ."

"ನಂದರಾಗಂತೂ ಬಂದ್ ಆಗೇದ. ಮೊದಲ್ನೇ ದಿನ ಕೇಳ್ತು, ಮಾತಾಡೂಣೇನ್ರಿ ಅಂತ. ಬ್ಯಾಡ್ರಿ ಅಂದೆ. ಆಮ್ಯಾಲ ಸುಮ್ಮನ ಆಗಿಬಿಡ್ತು."

ಇನ್ನೂರ ಹದಿನಾಲ್ಕರಲ್ಲಿ ಒಂದು ಬ್ಯಾಡ್ರಿ ಇಂದೂನ ಎದುರಿಗೇ ಕೂತು ರೊಟ್ಟಿ ಮುರಿಯುತ್ತಿತ್ತು. "ಬ್ಯಾಡ ಅಂತ ಯಾಕ ಅಂದ್ರಿ ಕಾಕಾ? ಮಾತಾಡಾಕ ಮನಸ್ಸಿರಲಿಲ್ಲೇನು?"

"ಮನಸ್ಸಿತ್ತಲ್ಲ."

"ಮತ್ತ?"

"ಒಮ್ಮಿಗೇ ಹೂಂ ಅಂತಾರೇನವಾ? ಹಸದ ಕೂತಾನ ಅಂದಾರು, ಮಂದಿ."

"ಮೊಬೈಲಿನಾಗ ಯಾವ ಮಂದಿ ಅದಾರ ಕಾಕಾ?"

ಚಂದ್ರಪ್ಪ ಸ್ವಲ್ಪ ಯೋಚಿಸಿದರು. "ಯಾರೂ ಇರಲಿಕ್ಕಿಲ್ಲ. ಆದ್ರೂ." ಆಮೇಲೆ, ತಾಟು ನೋಡುತ್ತ, ಮೆಲ್ಲಗೆ ಹೇಳಿದರು. "ದಿನಾ ಕಂಪನಿ ಬಸ್ಸಿನಾಗ ಬರೂಮುಂದ ತಗದ ನೋಡ್ತೀನಿ. ಇವತ್ತರ ಕೇಳ್ತದೇನು ಅಂತ. ಕೇಳೂದಿಲ್ಲ. ಸಿಟ್ಟಾಗೇದ ಕಾಣಸ್ತದ."

"ಮೂಲ್ಯಾಗ 'ಕೇಳ್ರಿ' ಅಂತ ಒಂದು ಗುಂಡಿ ಅದ ಅಲ್ರಿ. ಅದನ್ನ ಒತ್ತಿದ್ರ ಆಗ್ತಿತ್ತು."

"ಅದು ಹ್ಯಾಂಗ ಒತ್ತಲಿ? ನಾನ ಬುಟ್ಟಿಗೆ ಕೈ ಹಾಕಿ ಹೋಳಗಿ ತಗೊಂಡಂಗ ಆತಲ್ಲ."

ಯಮನವ್ವ ಹೋಳಗಿಯ ಬುಟ್ಟಿ ಹಿಡಿದು ಬಂದಳು. "ಇನ್ನೊಂದು ಹಾಕ್ತೀನ್ರಿ."

"ಬ್ಯಾಡ್ರಿ ವೈನಿ, ಸಾಕಾತು."

ಯಮನವ್ವ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಬುಟ್ಟಿಯೊಳಗೆ ನೋಡುತ್ತ ಹೋಳಗಿಗಳನ್ನು ಆಚೀಚೆ ಸರಿಸಿದಳು, ಈ ಸಲ ಶೇಂಗಾ ಚೊಲೋ ಸಿಕ್ಕಾವು ಅಂದಳು. "ಹಾಕ್ಲೇನ್ರಿ, ಒಂದು?" "ಏ ಬ್ಯಾಡ್ರಿ." ಮತ್ತೆ ಬುಟ್ಟಿಯೊಳಗೆ ಕೈ. "ಇದೊಂದು ತುದಿಗೆ ಹರದದ ನೋಡ್ರಿ, ನಾಳಿಗೆ ಇಟ್ರ ಎಲ್ಲಾ ಪುಡಿ ಆಗ್ತದ. ಯಾರರ ತಿಂದ್ರ ಪುಣ್ಯಾ ಬರ್ತದ." ಚಂದ್ರಪ್ಪ ಏನೂ ಅನ್ನಲಿಲ್ಲ. ಹೋಳಗಿ ತಾಟಿಗೆ ಬಿತ್ತು. ಮ್ಯಾಲೆ ತುಪ್ಪ ಬಿತ್ತು. ಮನುಷ್ಯ ಅದನ್ನು ಕಣ್ಣು ಮುಚ್ಚಿ ತಿಂದ.

ಹುಟ್ಟಿದಾಗಿನಿಂದ ಸಾವಿರ ಸಲ ನೋಡಿದ ಆಟ ಇದು. ನೋಡುತ್ತ ನೋಡುತ್ತ ಇಂದೂನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಕಾಕಾನ ಬ್ಯಾಡ್ರಿಯೂ ಬಚ್ಚಲದ ಹುಡುಗಿಯ ಬ್ಯಾಡವೂ ಒಂದೇ ಎಂದು ಅವಳು ತಿಳಿದಿದ್ದಳು. ಆಕೆಗೆ ಚಿಲಕ ಬೇಕಿತ್ತು, ಖರೆ. ಆದರೆ ತಾನು ಆ ಚಿಲಕವನ್ನು ತಂದು, ಮತ್ತೊಮ್ಮೆ ಕೇಳುತ್ತಾರೆಂದು ಕಾದು ಕೂತ ಇನ್ನೂರು ಮಂದಿಯ ಮೇಲೆ ಹೊರಗಿನಿಂದ ಹಾಕಿಬಿಟ್ಟಿದ್ದಳು. ಮರ್ಯಾದೆ ಎಂಬ ಹೆಸರಿನಲ್ಲಿ.

ಕಾಕಾ ಹೋದ ಮೇಲೆ ಅವಳು ಅವ್ವನನ್ನು ಹಿಡಿದು ಕೂರಿಸಿದಳು. "ಎಷ್ಟು ಸಲ ಕೇಳ್ಬೇಕಬೇ?"

"ಮೂರು."

"ನಾಕನೇ ಸಲ ಕೇಳಿದ್ರ?"

"ಮನಿ ಬಿಟ್ಟ ಓಡಿಹೋಗ್ತಾರ." ಯಮನವ್ವನಿಗೆ ಇದೂ ಒಂದು ಕೇಳುವ ಮಾತೇ ಅನಿಸಿತು. "ಎರಡ್ನೇ ಸಲ ಕೇಳೂಮುಂದ ಮಾರಿ ನೋಡಬಾರದು, ಬುಟ್ಟಿ ನೋಡ್ಬೇಕು. ಮಾರಿ ನೋಡಿದ್ರ ಅವರು ಇನ್ನಷ್ಟ ನಾಚ್ತಾರ. ಮೂರ್ನೇ ಸಲ ಹಾಕ್ಲೇನ್ರಿ ಅಂತ ಕೇಳಬಾರದ ನೋಡು. ಅವರು ತಿಂದ್ರ ನಮಗ ಉಪಕಾರ ಆಗೂ ಹಂಗ ಮಾತಾಡ್ಬೇಕು."

"ಅವರಿಗೆ ಖರೇನ ಬ್ಯಾಡಾಗಿದ್ರ?"

"ಗೊತ್ತಾಗ್ತದಲ್ಲ. ತಾಟಿನ ಮ್ಯಾಲ ಬಗ್ಗಿ ಎರಡೂ ಕೈ ಅಡ್ಡ ಹಿಡೀತಾರ. ಅದರ ಮ್ಯಾಲೂ ಹಾಕಿದ್ರ ಅದು ಉಪಚಾರ ಅಲ್ಲವಾ, ಜುಲುಮಿ." ಯಮನವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದಳು, "ನಿನಗ ಹಾಡ ಹೇಳಂತ ಗಂಟ ಬೀಳ್ತಿದ್ರಲ್ಲ, ಅದು ಜುಲುಮಿ. ನಾ ಆವಾಗ ಬಿಡಿಸಬೇಕಿತ್ತು."

ಇಂದೂ ಅವ್ವನ ಹೆಗಲಿಗೆ ಹೆಗಲು ತಾಗಿಸಿ ಕೂತಳು.

ಸೋಮವಾರ ಬೆಳಿಗ್ಗೆ ಶಮಂತನ ಮೇಜಿನ ಬಳಿ ಹೋಗಿ ಒಂದೇ ಒಂದು ಪ್ರಶ್ನೆ ಕೇಳಿದಳು. ಬ್ಯಾಡ್ರಿ ಒತ್ತಿದವರಲ್ಲಿ ಎಷ್ಟು ಜನ ಆಮೇಲೂ ಆ್ಯಪು ತೆರೆದು ನೋಡಿದ್ದಾರೆ?

"ಅವ್ರು ಯಾಕ್ರೀ ತೆಗೀತಾರೆ? ಬೇಡ ಅಂದ್ಮೇಲೆ," ಅನ್ನುತ್ತಲೇ ಶಮಂತ್ ಕೀಲಿಮಣೆ ಒತ್ತಿದ. ಪರದೆ ನೋಡಿದ. ಇನ್ನೊಮ್ಮೆ ಲೆಕ್ಕ ಹಾಕಿಸಿ ನೋಡಿದ. ಇನ್ನೂರ ಹದಿನಾಲ್ಕರಲ್ಲಿ ನೂರ ಅರವತ್ಮೂರು ಜನ ಮತ್ತೆ ಮತ್ತೆ ತೆರೆದಿದ್ದರು. ಸರಾಸರಿ ಒಂಬತ್ತು ಸಲ. ಒಬ್ಬರಂತೂ ಹದಿನೈದು ದಿನದಲ್ಲಿ ಮೂವತ್ತೊಂದು ಸಲ ಬಂದು, ಖಾಲಿ ಗೋಡೆ ನೋಡಿ, ಹೋಗಿದ್ದರು.

"ಥೂ, ಇದನ್ನ ನಾನು ನೋಡೇ ಇಲ್ಲ ಕಣ್ರೀ. ಹೂಂ ಅಂದೋರ ಟೇಬಲ್ ಮಾತ್ರ ಮಾಡ್ದೆ." ಇಂದೂ ಹೋಳಗಿಯ ಕಥೆ ಹೇಳಿದಳು. ಶಮಂತ್ ತಲೆ ಕೆರೆದುಕೊಂಡ. "ಅಲ್ಲ, ನಮ್ ಚಿಕ್ಕಮ್ಮನ ಮನೇಲಿ ಕಾಫಿ ಬೇಡ ಅಂದಾಗ ಅವ್ರು ನಿಜವಾಗ್ಲೂ ಕೊಡ್ದೇ ಇದ್ರೆ ನಾನು ಆರು ತಿಂಗಳು ಮಾತು ಬಿಡ್ತೀನಿ. ನಂಗ್ಯಾಕೆ ಹೊಳೀಲಿಲ್ಲ?"

ಹೊಳೆಯದೆ ಇದ್ದದ್ದಕ್ಕೆ ಕಾರಣವಿದೆ. ಕಚೇರಿಯ ಗಾಜಿನ ಬಾಗಿಲು ದಾಟುವಾಗ ನಾವು ಚಪ್ಪಲಿಯನ್ನಲ್ಲ, ಮನೆಯನ್ನೇ ಹೊರಗೆ ಬಿಟ್ಟು ಹೋಗುತ್ತೇವೆ. ಎಲ್ಲೋ ದೂರದಲ್ಲಿ, ಹೌದೆಂದರೆ ಹೌದು ಇಲ್ಲವೆಂದರೆ ಇಲ್ಲ ಎಂದು ಬದುಕುವ ಜನ ತಮಗಾಗಿ ಬರೆದುಕೊಂಡ ನಿಯಮವನ್ನು ನಮ್ಮ ಅತ್ತೆ ಚಿಕ್ಕಮ್ಮಂದಿರ ಮೇಲೆ ಹೇರಿ, ಅವರು ಅದಕ್ಕೆ ಹೊಂದದಿದ್ದರೆ ಅವರಿಗೆ ಬೇಕಾಗಿಲ್ಲ ಎಂದು ಷರಾ ಬರೆಯುತ್ತೇವೆ. ಅದಕ್ಕೊಂದು ಪಟ್ಟಿ, ಪಟ್ಟಿಗೊಂದು ಬಣ್ಣ.

ಮಂಗಳವಾರ ಸಭೆಯಲ್ಲಿ ಶಮಂತ್ ತನ್ನ ತಪ್ಪು ತಾನೇ ಒಪ್ಪಿಕೊಂಡು ಹೊಸ ಲೆಕ್ಕ ಇಟ್ಟ. ಅವಧೂತ ಕುರ್ಚಿಯಿಂದ ಎದ್ದೇಬಿಟ್ಟ. "ಅಂದರೆ ಇವರನ್ನು ಮತ್ತೆ ಮತ್ತೆ ಕೇಳಬೇಕಾಗಿದೆ. ಹಾಗಾದರೆ ಕೇಳೋಣ. ಮುಂಜಾನೆ ಒಂದು ಗಂಟೆ ಬಾರಿಸೋಣ, ಮಧ್ಯಾಹ್ನ ಒಂದು, ಸಂಜೆ ಒಂದು. ಬರದಿದ್ದರೆ ಒಂದು ಬಾಡಿದ ಮುಖ. 'ನಿಮ್ಮ ದಾರಿ ಕಾಯುತ್ತಿದ್ದೇವೆ' ಅಂತ. ಇಂದೂ, ಇಂಥದ್ದನ್ನು ನೀನು ಚೆನ್ನಾಗಿ ಬರೀತೀಯ."

ನೋಡಿ, ದಾರಿ ಎಷ್ಟು ಸಲೀಸು. ಅವಧೂತ ಕೆಟ್ಟವನೇನಲ್ಲ. ಆದರೆ ಒಳ್ಳೆಯವರ ಕೈಗೂ ಒಂದು ಗಂಟೆ ಕೊಟ್ಟು ನೋಡಿ, ಬಾರಿಸದೆ ಬಿಡುವುದಿಲ್ಲ. ಒಬ್ಬಂಟಿಯ ಸಂಜೆಯನ್ನು, ನಾಚುವವನ ತಡವರಿಕೆಯನ್ನು ಹಿಂಡಿ ಎಣ್ಣೆ ತೆಗೆಯುವ ಗಾಣಗಳು ಇಂದು ಎಲ್ಲ ಊರಲ್ಲೂ ಎದ್ದಿವೆ. ಅವೆಲ್ಲವೂ ಶುರುವಾದದ್ದು ಹೀಗೇ, ನಿಮ್ಮ ಒಳ್ಳೆಯದಕ್ಕೇ ಎಂದು.

ಇಂದೂ ಎದ್ದು ಹೊರಗೆ ಹೋದಳು. ಅಳಲಿಕ್ಕೆ ಹೋದಳೆಂದು ಉಳಿದವರು ಮುಖ ಮುಖ ನೋಡಿಕೊಂಡರು. ಅವಳು ತನ್ನ ಊಟದ ಡಬ್ಬಿ ಹಿಡಿದುಕೊಂಡು ವಾಪಸು ಬಂದಳು. ಮುಚ್ಚಳ ತೆಗೆದು ಅದನ್ನೇ ತಾಟು ಮಾಡಿ ಅವಧೂತನ ಮುಂದೆ ಇಟ್ಟಳು. ರವಿವಾರದ ಶೇಂಗಾ ಹೋಳಗಿ ಮೂರು ಇದ್ದವು.

"ಹಾಕಲೇ?" ಅಂದಳು ಮರಾಠಿಯಲ್ಲಿ.

"ಹಾಕು," ಅಂದ ಅವಧೂತ.

ಸಭೆ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. "ನಾವು ಪುಣೆಯವರಮ್ಮ. ನಮ್ಮಲ್ಲಿ ಒಮ್ಮೆ ಕೇಳುವುದೇ ಹೆಚ್ಚು. ಬೇಡ ಅಂದರೆ ಡಬ್ಬಿ ಮುಚ್ಚಿಬಿಡ್ತಾರೆ. ಅದಕ್ಕೇ ನಾವು ಮೊದಲೇ ಹೌದು ಅಂತೀವಿ." ಎಂಬತ್ಮೂರಕ್ಕೂ ಇನ್ನೂರ ಹದಿನಾಲ್ಕಕ್ಕೂ ನಡುವಿನ ಅಂತರ ಏನೆಂದು ಅಲ್ಲಿದ್ದವರಿಗೆಲ್ಲ ಆ ಕ್ಷಣಕ್ಕೆ ತಿಳಿಯಿತು.

ನಗು ಸದ್ದಡಗುವವರೆಗೆ ಇಂದೂ ಕಾದಳು. ನಕ್ಕವರ ಎದುರು ನಿಂತು ಮಾತಾಡುವುದು ಸುಮ್ಮನೆ ಕೂತವರ ಎದುರು ಮಾತಾಡುವುದಕ್ಕಿಂತ ಸುಲಭ ಎಂದು ಅವಳಿಗೆ ಮೊದಲ ಬಾರಿಗೆ ಗೊತ್ತಾಯಿತು. ಎರಡನೆಯ ಹೋಳಗಿ ಹಾಕಿದಳು. ಅದನ್ನೂ ಅವಧೂತ ತಿಂದ. ಮೂರನೆಯದು ತೆಗೆದಳು. "ಬಸ್ಸ, ಸಾಕು," ಅಂದ. ಅವಳು ಬಗ್ಗಿದಳು. ಅವಧೂತ ಮುಚ್ಚಳದ ಮೇಲೆ ಎರಡೂ ಅಂಗೈ ಅಡ್ಡ ಹಿಡಿದ.

"ಈಗ ಹಾಕಿದರೆ?"

"ಮಾರ್ ಖಾಶೀಲ್," ಅಂದ. ಹೊಡೆಸಿಕೊಳ್ತೀಯ ಎಂದು.

"ಇದೇ ನಮಗೆ ಬೇಕಾಗಿರುವುದು," ಅಂದಳು ಇಂದೂ. ಆಮೇಲೆ ಹದಿನಾರು ನಿಮಿಷ ಮಾತಾಡಿದಳು. ಎಲ್ಲೂ ನಿಲ್ಲಲಿಲ್ಲ ಎಂದರೆ ಸುಳ್ಳಾದೀತು, ನಾಲ್ಕು ಕಡೆ ನಿಂತಳು, ನೀರು ಕುಡಿದಳು, ಮುಂದುವರಿದಳು. ಪಡಸಾಲಿಗೆ ತಾವಾಗಿ ಬಂದು ಕೂತವರನ್ನಷ್ಟೇ ಕೇಳಬೇಕು, ಅವರ ಮನೆಬಾಗಿಲು ಬಡಿಯಬಾರದು. ಗಂಟೆ ಬೇಡವೇ ಬೇಡ. ಮೂರು ಸಲ, ಮೂರೂ ಬೇರೆ ಬೇರೆ ದಿನ, ಬೇರೆ ಬೇರೆ ಮಾತಿನಲ್ಲಿ. ಯಾರಾದರೂ, ಕೆಳಗೆ ಬರೆದು ತಿಳಿಸಿದ ಹಾಗೆ, ಪರದೆಯ ಮೇಲೆ ಅಂಗೈ ಪೂರ್ತಿ ಇಟ್ಟರೆ ಅದು ತಾಟಿನ ಮೇಲಿನ ಕೈ, ಅಲ್ಲಿಗೆ ಮುಗಿಯಿತು, ಅವರನ್ನು ಎಂದೆಂದಿಗೂ ಕೇಳುವ ಹಾಗಿಲ್ಲ.

"ಬಾಡಿದ ಮುಖವೊಂದು ಇರಲಿ," ಅಂದ ಅವಧೂತ. "ಹಣ ಹಾಕಿದವರಿಗೆ ನಾನು ಏನಾದರೂ ತೋರಿಸಬೇಕಲ್ಲ."

"ಅದನ್ನು ನಾನು ಬರೆಯುವುದಿಲ್ಲ. ಬೇರೆಯವರ ಕೈಲಿ ಬರೆಸಿ. ಅವತ್ತೇ ನನ್ನ ಕುರ್ಚಿಯನ್ನೂ ಅವರಿಗೆ ಕೊಡಿ."

ದನಿ ಏರಿರಲಿಲ್ಲ. ಆದ್ದರಿಂದಲೇ ಎಲ್ಲರಿಗೂ ಕೇಳಿಸಿತು. ಅವಧೂತ ಮುಚ್ಚಳದಲ್ಲಿ ಉಳಿದ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಬಾಯಿಗೆ ಹಾಕಿಕೊಂಡ. "ಭೋರ್ ಊರಲ್ಲಿ ನಮ್ಮ ಆತ್ಯಾ, ಸೋದರತ್ತೆ, ಇದ್ದಾಳೆ," ಅಂದ. "ನಾಲ್ಕು ಸಲ ಬಡಿಸ್ತಾಳೆ. ನಾನು ಹೋಗುವುದನ್ನೇ ಬಿಟ್ಟೆ." ಮುಚ್ಚಳವನ್ನು ಇಂದೂನ ಕಡೆ ಸರಿಸಿ ಹೇಳಿದ. "ಆರು ವಾರ ಕೊಡ್ತೀನಿ. ನಿನ್ನ ರೀತಿಯಲ್ಲೇ."

ಸಾಲು ಬರೆಯಲು ಕೂತಾಗ ಹೊಸ ತೊಡಕು ಬಂತು. ಮೂರನೆಯ ಸಲ ಅವ್ವ ಹೋಳಗಿ ಹರಿದಿದೆ ಅಂದಿದ್ದಳು. ಅದು ನಿಜಕ್ಕೂ ಹರಿದಿತ್ತು. ಯಂತ್ರ ಹಾಗೆ ಹೇಳಿದರೆ? ಅದರ ಬುಟ್ಟಿಯಲ್ಲಿ ಹೋಳಗಿಯೇ ಇಲ್ಲ. ನೀವು ಮಾತಾಡದಿದ್ದರೆ ನಮಗೆ ಬೇಸರ ಎಂದು ಬರೆಸಿದರೆ ಅದು ಅದೇ ನಾಯಿಮರಿ, ಬಣ್ಣ ಬೇರೆ. ಎರಡು ದಿನ ಬರೆದು ಹರಿದಳು. ನಿಜವಾಗಿಯೂ ತನಗೆ ಗೊತ್ತಿಲ್ಲದ್ದನ್ನು ಕೇಳಿದರೆ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಮೂರನೆಯ ದಿನ ಹೊಳೆಯಿತು. ಎರಡನೆಯ ಸಲಕ್ಕೆ "ಅವಸರ ಇಲ್ರಿ, ಸುಮ್ಮನ ಕೂತ್ರೂ ನಡೀತದ" ಎಂದು ಇಟ್ಟಳು. ಮೂರನೆಯದಕ್ಕೆ ಬರೆದಳು: "ನಿಮ್ಮ ಕೆಲಸದಾಗ ನಿಮಗಷ್ಟ ಗೊತ್ತಿದ್ದ ಮಾತು ಏನರ ಅದ ಏನ್ರಿ? ನಮಗ ಗೊತ್ತಿಲ್ಲ. ನಿಮಗ ಬೇಕಾದವರಿಗೆ ತಿಳಿಸಿಕೊಟ್ರ ಅವರರ ಕಲೀತಾರ."

ಮೂರು ವಾರಕ್ಕೆ ಲೆಕ್ಕ ಬಂತು. ಬ್ಯಾಡ್ರಿ ಅಂದು ಕಾಯುತ್ತಿದ್ದ ನೂರ ಅರವತ್ಮೂರರಲ್ಲಿ ತೊಂಬತ್ತೇಳು ಜನ ಬಾಯಿಬಿಟ್ಟಿದ್ದರು, ಬಹಳ ಜನ ಮೂರನೆಯ ಸಲಕ್ಕೆ. ಹನ್ನೆರಡು ಜನ ಪರದೆಯ ಮೇಲೆ ಅಂಗೈ ಇಟ್ಟು ಬಾಗಿಲು ಹಾಕಿಕೊಂಡಿದ್ದರು. ಶಮಂತ್ ತೊಂಬತ್ತೇಳಕ್ಕೆ ಕೈ ಕುಲುಕಿದ. ಇಂದೂ ಆ ಹನ್ನೆರಡನ್ನೂ ಅಷ್ಟೇ ಹೊತ್ತು ನೋಡಿದಳು. ಬೇಡ ಅನ್ನಲು ಅವರಿಗೊಂದು ದಾರಿ ಸಿಕ್ಕಿತಲ್ಲ, ಬಚ್ಚಲಕ್ಕೆ ಓಡದೆ.

ಆ ರವಿವಾರ ಚಂದ್ರಪ್ಪ ಕಾಕಾ ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದರು. "ಸಿಟ್ಟ ಇಳಿತು ನೋಡವಾ ಅದರದು. ಮತ್ತ ಕೇಳ್ತು."

"ಏನಂದ್ರಿ?"

"ಬ್ಯಾಡ್ರಿ ಅಂದೆ. ಮತ್ತ ನಾಕ ದಿನ ಬಿಟ್ಟ ಕೇಳ್ತು, ನಿಮ್ಮ ಕೆಲಸದಾಗಿಂದು ಹೇಳ್ರಿ, ನಮಗ ಗೊತ್ತಿಲ್ಲ ಅಂತ. ಗೊತ್ತಿಲ್ಲ ಅಂದಮ್ಯಾಲ ಹೇಳಬೇಕಲ್ಲ, ಪಾಪ." ಅವರು ಕೂತರು. "ನಲವತ್ತ ನಿಮಿಷ ಹೇಳೀನಿ. ಬಸ್ಸಿನಾಗ ಮಗ್ಗಲ ಕೂತಾವ ಸೈತ ಕೇಳಿಸ್ಕೊಂಡ."

ಹೇಳಿದ್ದನ್ನು ರಂಗೂಬಾಯಿಗೆ ಕಳಿಸಿದ್ದರಂತೆ. ಮರುದಿನ ಬೆಳಗಾವಿಯಿಂದ ಫೋನು ಬಂತು. "ಮೂವತ್ತೆರಡು ವರ್ಷ ಸಂಸಾರ ಮಾಡೀನಿ, ನೀವು ಏನ್ ಕೆಲಸ ಮಾಡ್ತೀರಿ ಅಂತ ಇವತ್ತ ಗೊತ್ತಾತ್ರಿ," ಅಂದಳಂತೆ. ಮೊಮ್ಮಗನ ಕಿವಿಗೂ ಹಿಡಿದಳಂತೆ, ಅದು ಮಲಗಿತಂತೆ.

"ನನಗೂ ಗೊತ್ತಿಲ್ರಿ," ಅಂದಳು ಯಮನವ್ವ. ಇಬ್ಬರ ತಾಟಿಗೂ ಬಡಿಸಿ ತಾನೂ ಕೂತಳು. "ನಮ್ಮವರೂ ಎಂದೂ ಹೇಳಲಿಲ್ಲ. ಏನ್ ಮಾಡ್ತೀರಿ ಅಲ್ಲಿ?"

ಚಂದ್ರಪ್ಪ ಹೇಳಿದರು. ಎರಕ ಹೊಯ್ದ ಕಬ್ಬಿಣದ ಭಾಗಗಳು ಬರುತ್ತವೆ, ಕೊಂಡಿಗೆ ನೇತು ಹಾಕಿ ಸಣ್ಣ ಸುತ್ತಿಗೆಯಿಂದ ಒಂದು ಏಟು. ಒಳಗೆ ಬಿರುಕಿಲ್ಲದಿದ್ದರೆ ದನಿ ಎಳೆಯುತ್ತದೆ, ಇದ್ದರೆ ಅಲ್ಲೇ ಸಾಯುತ್ತದೆ. ಈಗ ಫೋಟೋ ತೆಗೆಯುವ ಯಂತ್ರ ಬಂದಿದೆ, ಆದರೂ ಯಂತ್ರಕ್ಕೆ ಅನುಮಾನ ಬಂದರೆ ಎಂಜಿನಿಯರು ಚಂದ್ರಪ್ಪನನ್ನೇ ಕರೆಯುತ್ತಾನೆ.

"ಗಡಿಗಿ ತಗೊಳ್ಳೂಮುಂದ ನಾವೂ ಹಂಗ ಬೆರಳಲೆ ಬಡದ ನೋಡ್ತೀವಲ್ರಿ," ಅಂದಳು ಯಮನವ್ವ.

"ಅದ ನೋಡ್ರಿ. ಆದ್ರ ಗಡಿಗಿ ಒಂದ ದನಿ ಮಾತಾಡ್ತದ. ಇದು ಚಳಿಗಾಲದಾಗ ಒಂದು, ಬ್ಯಾಸಗ್ಯಾಗ ಒಂದು. ಮುಂಜಾನೆ ಮೊದಲ್ನೇ ಪಾಳಿಯೊಳಗ ಎಲ್ಲಾ ಒಂದೀಟು ದಪ್ಪ ಕೇಳಸ್ತಾವ. ನಿಮ್ಮ ಯಜಮಾನರಿಗೆ ಆ ಫರಕ ಗೊತ್ತಾಗ್ತಿತ್ತು. ನಾ ಕಲತಿದ್ದು ಅವರ ಕಡಿಂದ."

ಯಮನವ್ವ ಬಡಿಸುವ ಚಮಚವನ್ನು ಕೆಳಗಿಟ್ಟಳು. "ನಮ್ಮವರ ಕಡಿಂದ?"

"ಹೌದ್ರಿ. ಹೇಳ್ತೀನಿ ಕೇಳ್ರಿ."

ಅವರು ಹೇಳಿದರು. ಗದ್ದಲಕ್ಕೆ ಕಿವಿ ಮಂದವಾಗಬಾರದೆಂದು ಸಿದ್ರಾಮಪ್ಪ ಹತ್ತಿ ಇಟ್ಟುಕೊಂಡು ಬರುತ್ತಿದ್ದದ್ದು, ತನ್ನ ಪಾಳಿ ಬಂದಾಗ ಅದನ್ನು ತೆಗೆದು ಅಂಗಿಯ ಕಿಸೆಯಲ್ಲಿ ಹಾಕುತ್ತಿದ್ದದ್ದು, ಒಂದು ದಿನ ಇಡೀ ಗಾಡಿಯ ಮಾಲನ್ನೇ ವಾಪಸು ಕಳಿಸಿ ಮ್ಯಾನೇಜರನ ಎದುರು ಸುಮ್ಮನೆ ಸುತ್ತಿಗೆ ಬಡಿದು ಬಡಿದು ತೋರಿಸಿದ್ದು. ಯಮನವ್ವ ನಡುನಡುವೆ ಕೇಳಿದಳು, ನಕ್ಕಳು, ಹತ್ತಿ ಯಾಕ ದಿನಾ ಬೇಕಾಗ್ತಿತ್ತು ಅಂತ ಈಗ ಗೊತ್ತಾತು ಅಂದಳು. ಇಂದೂ ಕೂಡ ಕೇಳಿದಳು, ಒಂದಲ್ಲ, ಐದಾರು ಪ್ರಶ್ನೆ. ರೊಟ್ಟಿ ಮುಗಿದಿತ್ತು, ಅನ್ನ ಮುಗಿದಿತ್ತು. ಎದ್ದು ಕೈ ತೊಳೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಮೂವರ ಬಲಗೈಯ ಸಾರು ಬೆರಳುಗಳ ಮೇಲೆ ಹಾಗೇ ಒಣಗಿ ಬಿಗಿಯುತ್ತಿತ್ತು, ಚಂದ್ರಪ್ಪ ಇನ್ನೊಂದು ಸಂಗತಿ ಶುರು ಮಾಡಿದ್ದರು.